ಸ್ಕೋಪ್ ಮಟ್ಟ ಮಾಡುವ ಸಾಧನಗಳು: ಕೊನೆಯ ಮಾತು ತೂಗುಗುಂಡಿನದು

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆ ತುಂಗಭದ್ರೆಯ ಸೀಳುಗಳ ನಡುವೆ ಇರುವ ನೆಲ. ಎದುರು ದಡದಲ್ಲಿ ಹಂಪಿ. ಇಲ್ಲಿ ಒಂದು ಕಡೆ ಭತ್ತದ ಗದ್ದೆಗಳು. ಇನ್ನೊಂದು ಕಡೆ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗ್ರಾನೈಟ್ ಬಂಡೆಗಳು. ಗದ್ದೆಯನ್ನು ಮಟ್ಟ ಮಾಡುವ ರೈತ ಮೊದಲು ನೀರು ಕಟ್ಟಿ ನೋಡುತ್ತಾನೆ. ಮಣ್ಣು ತಲೆ ಎತ್ತಿದಲ್ಲಿ ದಿಬ್ಬ, ನೀರು ಆಳವಾದಲ್ಲಿ ತಗ್ಗು. ನಿಂತ ನೀರಿನ ಮೇಲ್ಮೈ ಗುರುತ್ವದ ದಿಕ್ಕಿಗೆ ಸದಾ ಲಂಬವಾಗಿರುವುದರಿಂದ ಅವನಿಗೆ ಬೇರೆ ಉಪಕರಣ ಬೇಕಾಗುವುದಿಲ್ಲ. ಆನೆಗೊಂದಿಯಿಂದ ವಿರೂಪಾಪುರಗಡ್ಡೆಯ ಕಡೆಗೆ ಬರುವಾಗ ಕಲ್ಲುಕಂಬಗಳ ಮೇಲೆ ನಿಂತಿರುವ ವಿಜಯನಗರ ಕಾಲದ ಮೇಲ್ಗಾಲುವೆಯ ಅವಶೇಷ ಕಾಣುತ್ತದೆ. ಅದನ್ನು ಕಟ್ಟಿದವರಿಗೂ ನೀರು ಹರಿಯುವಷ್ಟೇ ಇಳಿಜಾರು ಕೊಡಲು 'ಮಟ್ಟ' ಎಂದರೇನು ಎಂಬುದು ಚೆನ್ನಾಗಿ ತಿಳಿದಿರಲೇಬೇಕು.

ಆದರೆ ಗದ್ದೆ ಬಿಟ್ಟು ಬಂಡೆಗಳ ನಡುವೆ ನಿಂತರೆ ಪರಿಸ್ಥಿತಿ ಬದಲಾಗುತ್ತದೆ. ಸುತ್ತ ಎಲ್ಲಿಯೂ ಒಂದು ನಿಜವಾದ ಅಡ್ಡಗೆರೆ ಇಲ್ಲ, ನೆಟ್ಟಗಿನ ಗೆರೆಯೂ ಇಲ್ಲ. ಕಾಲ ಕೆಳಗಿನ ಕಲ್ಲು ಒಂದು ಕಡೆಗೆ ವಾಲಿದೆ, ಎದುರಿನ ಬಂಡೆ ಇನ್ನೊಂದು ಕಡೆಗೆ. ಇಂಥ ಗುಡ್ಡಗಳೇ ಚಿರತೆ ಮತ್ತು ಕರಡಿಗಳ ಮನೆ. 2020ರಲ್ಲಿ ಆನೆಗೊಂದಿಯ ಸುತ್ತಮುತ್ತ ಚಿರತೆಯ ಹಾವಳಿಯಿಂದ ಜೀವಹಾನಿಯಾಗಿ, ಅರಣ್ಯ ಇಲಾಖೆ ಬೋನುಗಳನ್ನಿಟ್ಟು ಕಾರ್ಯಾಚರಣೆ ನಡೆಸಿತು. ನದಿಯ ಆಚೆಗೆ ದರೋಜಿ ಕರಡಿಧಾಮವಿದೆ. ಬೋನಿಗೆ ಬೀಳದ ಪ್ರಾಣಿಯನ್ನು ಅಥವಾ ಬಾವಿಯಲ್ಲಿ, ಮನೆಯಲ್ಲಿ ಸಿಕ್ಕಿಕೊಂಡ ಪ್ರಾಣಿಯನ್ನು ಜೀವಂತ ಹಿಡಿಯಬೇಕಾದಾಗ ಪಶುವೈದ್ಯರು ಅರಿವಳಿಕೆ ಮದ್ದು ತುಂಬಿದ ಚುಚ್ಚುಬಾಣವನ್ನು, ಅಂದರೆ ಡಾರ್ಟನ್ನು, ವಿಶೇಷ ಬಂದೂಕಿನಿಂದ ಹಾರಿಸುತ್ತಾರೆ. ಡಾರ್ಟ್ ತೊಡೆಯ ಅಥವಾ ಭುಜದ ದಪ್ಪ ಸ್ನಾಯುವಿಗೆ ಬೀಳಬೇಕು. ಹೊಟ್ಟೆಗೋ ಎದೆಗೋ ತಗಲಿದರೆ ಪ್ರಾಣಿಗೆ ಅಪಾಯ. ತಪ್ಪಿಹೋದರೆ ಬೆದರಿದ ಪ್ರಾಣಿಯಿಂದ ಜನರಿಗೆ ಅಪಾಯ.

ಇಂಥ ಬಂದೂಕಿನ ಮೇಲೆ ಗುರಿ ಹಿಡಿಯಲು ಸಣ್ಣ ದೂರದರ್ಶಕವನ್ನು ಕೂರಿಸಬಹುದು. ಇದಕ್ಕೆ ಸ್ಕೋಪ್ ಎನ್ನುತ್ತಾರೆ. ಪ್ರಯೋಗಶಾಲೆಯ ಸ್ಪೆಕ್ಟ್ರೋಮೀಟರಿನ ದೂರದರ್ಶಕದಲ್ಲಿ ಇರುವಂತೆ ಇದರಲ್ಲಿಯೂ ಒಂದನ್ನೊಂದು ಲಂಬವಾಗಿ ಕತ್ತರಿಸುವ ಎರಡು ಗೆರೆಗಳು, ಅಂದರೆ ಕ್ರಾಸ್‌ವೈರ್, ಇರುತ್ತವೆ. ಸ್ಕೋಪನ್ನು ಬಂದೂಕಿನ ಮೇಲೆ ಎರಡು ಉಂಗುರಗಳಲ್ಲಿ ಕೂರಿಸಿ ತಿರುಪು ಬಿಗಿಯುತ್ತಾರೆ. ಸ್ಕೋಪಿನ ಕೊಳವೆ ಗುಂಡಗಿರುವುದರಿಂದ ಅದು ಉಂಗುರದೊಳಗೆ ತನ್ನ ಅಕ್ಷದ ಸುತ್ತ ಯಾವ ಕೋನಕ್ಕೆ ಬೇಕಾದರೂ ತಿರುಗಿ ನಿಲ್ಲಬಲ್ಲದು. ಹಾಗಾದರೆ ಅದನ್ನು ಯಾವ ಕೋನದಲ್ಲಿ ನಿಲ್ಲಿಸಬೇಕು? ಒಂದೆರಡು ಡಿಗ್ರಿ ಓರೆಯಾದರೆ ಏನು ನಷ್ಟ? ಅದನ್ನು ಮಟ್ಟ ಮಾಡಲು ಇರುವ ಸಾಧನಗಳಲ್ಲಿ ಯಾವುದನ್ನು ಎಷ್ಟು ನಂಬಬಹುದು? ಈ ಪ್ರಶ್ನೆಗಳಿಗೆ ಪಿಯುಸಿ ಮಟ್ಟದ ಭೌತಶಾಸ್ತ್ರ ಸಾಕು.

ಓರೆಯಾದರೆ ಆಗುವುದೇನು?

ಬಂದೂಕಿನಿಂದ ಹೊರಟ ಯಾವ ವಸ್ತುವೂ ನೇರ ರೇಖೆಯಲ್ಲಿ ಹೋಗುವುದಿಲ್ಲ. ಹೊರಟ ಕ್ಷಣದಿಂದಲೇ ಅದು ಕೆಳಗೆ ಬೀಳತೊಡಗುತ್ತದೆ. ಗಾಳಿಯ ತಡೆಯನ್ನು ಬಿಟ್ಟು ನೋಡಿದರೆ ಅದರ ಪಥ ಪರವಲಯ. ಗುರಿ ತಲುಪಲು ಹಿಡಿಯುವ ಕಾಲದಲ್ಲಿ ಅದು ನಳಿಗೆಯ ನೇರದಿಂದ ಎಷ್ಟು ಕೆಳಗೆ ಬರುತ್ತದೆಯೋ ಅದನ್ನು 'ಇಳಿತ' ಎಂದು ಕರೆಯೋಣ.

ಇಳಿತ = ½ × ಗುರುತ್ವ ವೇಗೋತ್ಕರ್ಷ × (ಕಾಲ)²

ಡಾರ್ಟಿನ ವೇಗ ಸೆಕೆಂಡಿಗೆ 60 ಮೀಟರ್ ಎಂದುಕೊಳ್ಳಿ. 30 ಮೀಟರ್ ದೂರಕ್ಕೆ ಅರ್ಧ ಸೆಕೆಂಡು ಬೇಕು. ಆಗ ಇಳಿತ ಸುಮಾರು 1.23 ಮೀಟರ್. ಅಂದರೆ ಗುರಿಗೆ ತಾಗಬೇಕಾದರೆ ನಳಿಗೆಯ ನೇರ ಗುರಿಯಿಂದ 1.23 ಮೀಟರ್ ಮೇಲಕ್ಕೆ ಮುಖ ಮಾಡಿರಬೇಕು. ಸ್ಕೋಪಿನ ನೋಟದ ರೇಖೆ ಗುರಿಯನ್ನು ನೇರವಾಗಿ ನೋಡುತ್ತಿರುತ್ತದೆ. ನಳಿಗೆ ಅದಕ್ಕೆ ಒಂದು ಸಣ್ಣ ಕೋನದಲ್ಲಿ ಮೇಲ್ಮುಖವಾಗಿರುತ್ತದೆ. ಬಂದೂಕಿಗೆ ಗುರಿ ಹೊಂದಿಸುವುದು ಎಂದರೆ ಈ ಕೋನವನ್ನು ಹೊಂದಿಸುವುದು.

ಈಗ ಬಂದೂಕು ಮತ್ತು ಸ್ಕೋಪ್ ಎರಡೂ ಸೇರಿ ನೋಟದ ರೇಖೆಯ ಸುತ್ತ ಬಲಕ್ಕೆ ಸ್ವಲ್ಪ ವಾಲಿದವು ಎನ್ನಿ. ಕ್ರಾಸ್‌ವೈರಿನ ಮಧ್ಯಬಿಂದು ಗುರಿಯ ಮೇಲೆಯೇ ಇದೆ. ಆದರೆ ಗುರಿಯ ಮೇಲೆ 1.23 ಮೀಟರ್ ಎತ್ತರದಲ್ಲಿದ್ದ ನಳಿಗೆಯ ನೇರ ಈಗ ಬಲಕ್ಕೆ ಸರಿದಿದೆ. ಗುರುತ್ವ ಮಾತ್ರ ಬಂದೂಕಿನೊಡನೆ ವಾಲುವುದಿಲ್ಲ; ಅದು ಡಾರ್ಟನ್ನು ಮೊದಲಿನಂತೆ ನೆಟ್ಟಗೆ ಕೆಳಕ್ಕೇ ಎಳೆಯುತ್ತದೆ. ಹೀಗಾಗಿ ಡಾರ್ಟ್ ಗುರಿಯ ಬಲಕ್ಕೆ ಬೀಳುತ್ತದೆ.

ಅಡ್ಡ ದೋಷ = ಇಳಿತ × ಸೈನ್ (ಓರೆಕೋನ)

ಓರೆ 3° ಆದರೆ ದೋಷ 6.4 ಸೆಂ.ಮೀ.; 5° ಆದರೆ 10.7 ಸೆಂ.ಮೀ. ಇದರ ಜೊತೆ ಡಾರ್ಟ್ ಸ್ವಲ್ಪ ಕೆಳಕ್ಕೂ ಬೀಳುತ್ತದೆ, ಆದರೆ 5°ಗೆ ಅದು ಅರ್ಧ ಸೆಂಟಿಮೀಟರಿನಷ್ಟೇ. ಹತ್ತು ಸೆಂಟಿಮೀಟರ್ ಎಂದರೆ ಒಂದು ಅಂಗೈಗಿಂತ ಹೆಚ್ಚಿನ ಅಗಲ. ಚಿರತೆಯ ತೊಡೆಗೆ ಗುರಿಯಿಟ್ಟ ಡಾರ್ಟ್ ಹೊಟ್ಟೆಯ ಕಡೆಗೆ ಸರಿಯಲು ಅಷ್ಟು ಸಾಕು. ನಿಜದಲ್ಲಿ ಗಾಳಿಯ ತಡೆಯಿಂದ ಡಾರ್ಟಿನ ವೇಗ ಕಡಿಮೆಯಾಗುತ್ತ ಹೋಗುವುದರಿಂದ ಇಳಿತ ಇನ್ನೂ ಹೆಚ್ಚು, ದೋಷವೂ ಹೆಚ್ಚು.

ಸೂತ್ರವನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ದೂರವಾಗಲಿ ವೇಗವಾಗಲಿ ಪ್ರತ್ಯೇಕವಾಗಿ ಬರುವುದಿಲ್ಲ, ಇಳಿತ ಮಾತ್ರ ಬರುತ್ತದೆ. ನಿಧಾನವಾಗಿ ಹಾರುವ ವಸ್ತುವಿಗೆ ಓರೆ ಹೆಚ್ಚು ಕೇಡು ಮಾಡುತ್ತದೆ. ಸೆಕೆಂಡಿಗೆ 170 ಮೀಟರ್ ವೇಗದ ಏರ್ ರೈಫಲ್ ಗುಂಡು 10 ಮೀಟರಿನಲ್ಲಿ ಇಳಿಯುವುದು 17 ಮಿ.ಮೀ. ಮಾತ್ರ. ಆದರೂ 2° ಓರೆ 0.6 ಮಿ.ಮೀ. ದೋಷ ತರುತ್ತದೆ. ಆ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸವೇ 0.5 ಮಿ.ಮೀ.! 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲಿ. ಅಲ್ಲಿ ಸ್ಕೋಪಿಗೆ ಅವಕಾಶವಿಲ್ಲ, ಸಣ್ಣ ರಂಧ್ರಗಳ ಮೂಲಕ ನೋಡಿ ಗುರಿ ಹಿಡಿಯಬೇಕು. ಕೆಲವು ಸ್ಪರ್ಧಿಗಳು ಮೈಗೆ ಹೊಂದುವಂತೆ ಬಂದೂಕನ್ನು ಬೇಕೆಂದೇ ತುಸು ವಾಲಿಸಿ ಹಿಡಿಯುತ್ತಾರೆ. ಅದರಿಂದ ತೊಂದರೆಯಿಲ್ಲ, ದೂರ ಸದಾ 10 ಮೀಟರ್ ಆದ್ದರಿಂದ ಅದೇ ಓರೆಯಲ್ಲಿ ಗುರಿ ಹೊಂದಿಸಿಕೊಂಡರೆ ಸಾಕು. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ಓರೆ ಬದಲಾಗಬಾರದು, ಅಷ್ಟೇ. ಚಿರತೆ ಮಾತ್ರ ಪ್ರತಿಸಲವೂ ಬೇರೆ ಬೇರೆ ದೂರದಲ್ಲಿ ಇರುತ್ತದೆ.

ಮೂರು ರೇಖೆಗಳು

ಇಲ್ಲಿ ಮೂರು ರೇಖೆಗಳನ್ನು ಬೇರೆ ಬೇರೆಯಾಗಿ ಮನಸ್ಸಿನಲ್ಲಿಡಬೇಕು. ಮೊದಲನೆಯದು ಗುರುತ್ವದ ರೇಖೆ, ಅಂದರೆ ನಿಜವಾದ ಲಂಬ. ಎರಡನೆಯದು ಬಂದೂಕಿನ ರೇಖೆ, ಅಂದರೆ ನಳಿಗೆಯ ಮಧ್ಯದಿಂದ ಸ್ಕೋಪಿನ ಮಧ್ಯಕ್ಕೆ ಎಳೆದ ಗೆರೆ. ಮೂರನೆಯದು ಕ್ರಾಸ್‌ವೈರಿನ ನೆಟ್ಟಗಿನ ಗೆರೆ. ಸ್ಕೋಪಿನ ಮೇಲಿರುವ ಎತ್ತರದ ತಿರುಗುಗುಂಡಿಯನ್ನು ತಿರುಗಿಸಿದಾಗ ಗುರಿ ಸರಿಯುವುದು ಈ ಮೂರನೆಯ ಗೆರೆಯ ಉದ್ದಕ್ಕೆ. ಮೂರೂ ಒಂದೇ ಸಮತಲದಲ್ಲಿದ್ದರೆ ಎಲ್ಲವೂ ಸರಿ. ಯಾವುದು ತಪ್ಪಿದರೆ ಎಷ್ಟು ಹಾನಿ?

20 ಮೀಟರಿಗೆ ಗುರಿ ಹೊಂದಿಸಿದ ಡಾರ್ಟ್ ಬಂದೂಕಿನಿಂದ, ಗುಂಡಿ ತಿರುಗಿಸಿ 30 ಮೀಟರ್ ದೂರಕ್ಕೆ ಹೊಡೆಯಬೇಕಾಗಿದೆ ಎನ್ನಿ. ವೇಗ ಅದೇ 60 ಮೀಟರ್, ಓರೆ 3°.

ಒಂದು: ಬಂದೂಕು ಮತ್ತು ಕ್ರಾಸ್‌ವೈರ್ ಪರಸ್ಪರ ಸರಿಯಾಗಿವೆ, ಆದರೆ ಹಿಡಿದವರು ಇಡೀ ಬಂದೂಕನ್ನೇ ವಾಲಿಸಿದ್ದಾರೆ. ದೋಷ ಮೊದಲೇ ನೋಡಿದಂತೆ 6.4 ಸೆಂ.ಮೀ.

ಎರಡು: ಬಂದೂಕನ್ನು ನೆಟ್ಟಗೆ ಹಿಡಿದಿದ್ದಾರೆ, ಆದರೆ ಸ್ಕೋಪನ್ನು ಉಂಗುರದಲ್ಲಿ ಕೂರಿಸುವಾಗ ಕ್ರಾಸ್‌ವೈರ್ ಓರೆಯಾಗಿದೆ. 20 ಮೀಟರಿಗೆ ಗುರಿ ಹೊಂದಿಸುವಾಗ ಈ ತಪ್ಪು ಮರೆಯಾಗಿಬಿಡುತ್ತದೆ. 30 ಮೀಟರಿಗೆ ಬೇಕಾದ ಹೆಚ್ಚುವರಿ ಏರಿಕೆ ಸುಮಾರು 41 ಸೆಂ.ಮೀ.; ಅದು ನೆಟ್ಟಗೆ ಮೇಲಕ್ಕೆ ಹೋಗುವ ಬದಲು 3° ಓರೆಯಾಗಿ ಹೋಗುತ್ತದೆ. ದೋಷ 2.1 ಸೆಂ.ಮೀ.

ಮೂರು: ಕ್ರಾಸ್‌ವೈರ್ ಗುರುತ್ವಕ್ಕೆ ಸರಿಯಾಗಿ ನೆಟ್ಟಗಿದೆ, ಅದರ ಕೆಳಗೆ ಬಂದೂಕು ಮಾತ್ರ ಸದಾ 3° ವಾಲಿದೆ. ಆಗ ನಳಿಗೆಯ ಬಾಯಿ ಸ್ಕೋಪಿನ ನೇರ ಕೆಳಗೆ ಇರದೆ ತುಸು ಪಕ್ಕಕ್ಕೆ ಇರುತ್ತದೆ. ಸ್ಕೋಪ್ ನಳಿಗೆಗಿಂತ 5 ಸೆಂ.ಮೀ. ಮೇಲಿದ್ದರೆ ಈ ಪಕ್ಕದ ಸರಿತ 2.6 ಮಿ.ಮೀ. 20 ಮೀಟರಿನಲ್ಲಿ ಹೊಂದಿಸಿದ ಮೇಲೆ 30 ಮೀಟರಿನಲ್ಲಿ ಉಳಿಯುವ ದೋಷ 1.3 ಮಿ.ಮೀ. ಮಾತ್ರ!

ಈ ಮೂರು ಸಂಖ್ಯೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾವುದು ಮುಖ್ಯ ಎಂಬುದು ತಾನೇ ತಿಳಿಯುತ್ತದೆ. ಸ್ಕೋಪ್ ಬಂದೂಕಿನೊಡನೆ ಅಚ್ಚುಕಟ್ಟಾಗಿ ಹೊಂದಿದೆಯೇ ಎಂಬುದಕ್ಕಿಂತ, ಹಾರಿಸುವ ಕ್ಷಣದಲ್ಲಿ ಕ್ರಾಸ್‌ವೈರ್ ಗುರುತ್ವದೊಡನೆ ಹೊಂದಿದೆಯೇ ಎಂಬುದು ಹತ್ತಾರು ಪಟ್ಟು ಮುಖ್ಯ. ಆದರೆ ಮಾರುಕಟ್ಟೆಯ ಬಹಳಷ್ಟು ಮಟ್ಟದ ಸಾಧನಗಳು ಸ್ಕೋಪನ್ನು ಬಂದೂಕಿಗೆ ಹೋಲಿಸುತ್ತವೆಯೇ ಹೊರತು ಗುರುತ್ವಕ್ಕೆ ಹೋಲಿಸುವುದಿಲ್ಲ. ಈ ವಿಷಯ ನೆನಪಿಟ್ಟುಕೊಂಡು ಸಾಧನಗಳನ್ನು ಒಂದೊಂದಾಗಿ ನೋಡೋಣ.

ಕಣ್ಣು

ಎಲ್ಲರ ಬಳಿಯೂ ಇರುವ ಮೊದಲ ಸಾಧನ ಕಣ್ಣು. ಕತ್ತಲ ಕೋಣೆಯಲ್ಲಿ ಹೊಳೆಯುವ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಲು ಹೇಳಿದರೆ ಆರೋಗ್ಯವಂತರು ಸಾಮಾನ್ಯವಾಗಿ 2°ಯೊಳಗೆ ನಿಲ್ಲಿಸುತ್ತಾರೆ. ಕಿವಿಯೊಳಗಿನ ಸಮತೋಲನ ಅಂಗದ ನೆರವಿನಿಂದ ಇದು ಸಾಧ್ಯ. ಆದರೆ ಕೋಲಿನ ಸುತ್ತ ಓರೆಯಾದ ಒಂದು ಚೌಕಟ್ಟನ್ನು ಇಟ್ಟರೆ ಅನೇಕರು ಕೋಲನ್ನೂ ಚೌಕಟ್ಟಿನ ಕಡೆಗೆ ಹಲವು ಡಿಗ್ರಿ ವಾಲಿಸಿ, ಅದೇ ನೆಟ್ಟಗಿದೆ ಎನ್ನುತ್ತಾರೆ. ಹರ್ಮನ್ ವಿಟ್ಕಿನ್ ಮತ್ತು ಸಾಲಮನ್ ಆಷ್ 1948ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ತೋರಿಸಿದವು. ವಾಲಿದ ಬಂಡೆಗಳ ನಡುವೆ ನಿಂತವರಿಗೆ ಸುತ್ತಲಿನ ದೃಶ್ಯವೇ ಓರೆಯಾದ ಚೌಕಟ್ಟು. ಆದ್ದರಿಂದ ಬಯಲಿನಲ್ಲಿ ಪರವಾಗಿಲ್ಲ ಎನಿಸುವ ಕಣ್ಣಂದಾಜು ಇಂಥ ನೆಲದಲ್ಲಿ ಕೈಕೊಡುತ್ತದೆ.

ರಸಮಟ್ಟ

ನಮ್ಮ ಗಾರೆ ಮೇಸ್ತ್ರಿಗಳ ರಸಮಟ್ಟ, ಅಂದರೆ ಸ್ಪಿರಿಟ್ ಲೆವೆಲ್, ಎಲ್ಲರಿಗೂ ಪರಿಚಿತ. ಫ್ರಾನ್ಸಿನ ಮೆಲ್ಕಿಸೆಡೆಕ್ ತೆವೆನೋ ಎಂಬಾತ 1661ರ ಸುಮಾರಿಗೆ ಇದನ್ನು ರೂಪಿಸಿದ. ತುಸು ಬಾಗಿದ ಗಾಜಿನ ಕೊಳವೆಯಲ್ಲಿ ಆಲ್ಕೊಹಾಲಿನಂಥ ತೆಳು ದ್ರವ ಮತ್ತು ಒಂದು ಗುಳ್ಳೆ. ಗುಳ್ಳೆ ಸದಾ ಬಾಗಿನ ಅತಿ ಎತ್ತರದ ಬಿಂದುವಿಗೆ ಹೋಗಿ ನಿಲ್ಲುತ್ತದೆ. ಕೊಳವೆ ಓರೆಯಾದರೆ ಆ ಬಿಂದು ಸರಿಯುತ್ತದೆ.

ಗುಳ್ಳೆಯ ಸರಿತ = ಬಾಗಿನ ತ್ರಿಜ್ಯ × ಓರೆಕೋನ (ರೇಡಿಯನ್‌ಗಳಲ್ಲಿ)

ಅಂದರೆ ಸೂಕ್ಷ್ಮತೆ ಇರುವುದು ಬಾಗಿನ ತ್ರಿಜ್ಯದಲ್ಲಿ. 10 ಸೆಂ.ಮೀ. ತ್ರಿಜ್ಯದ ಸಣ್ಣ ರಸಮಟ್ಟದಲ್ಲಿ 1°ಗೆ ಗುಳ್ಳೆ ಸರಿಯುವುದು 1.75 ಮಿ.ಮೀ. ಅರ್ಧ ಮಿಲಿಮೀಟರಿನವರೆಗೆ ಓದಬಲ್ಲ ಕಣ್ಣಿಗೆ ಅದು 0.3°ವರೆಗೆ ಹೇಳಬಲ್ಲದು. ಸರ್ವೇ ಉಪಕರಣದಲ್ಲಿ 2 ಮಿ.ಮೀ. ಸರಿತಕ್ಕೆ 20 ಸೆಕೆಂಡ್ ಕೋನ ತೋರಿಸುವ ರಸಮಟ್ಟದ ಬಾಗಿನ ತ್ರಿಜ್ಯ 20 ಮೀಟರಿಗೂ ಹೆಚ್ಚು. ನೋಡಲು ನೇರ ಕೊಳವೆಯಂತೆಯೇ ಇರುತ್ತದೆ! ಸ್ಕೋಪಿಗೆ ಅಷ್ಟು ಸೂಕ್ಷ್ಮವಾದದ್ದು ಬೇಡ. ಕೈಯಲ್ಲಿ ಹಿಡಿದಾಗ ಅದರ ಗುಳ್ಳೆ ಒಂದು ಕಡೆ ನಿಲ್ಲುವುದೇ ಇಲ್ಲ.

ರಸಮಟ್ಟದ ಬಗ್ಗೆ ಎರಡು ಎಚ್ಚರಿಕೆಗಳು. ಮೊದಲನೆಯದು, ಅದನ್ನು ಪರೀಕ್ಷಿಸದೆ ನಂಬಬಾರದು. ಮೇಜಿನ ಮೇಲಿಟ್ಟು ಗುಳ್ಳೆಯ ಸ್ಥಾನ ಗುರುತಿಸಿ. ಅದೇ ಜಾಗದಲ್ಲಿ ತುದಿ ಬದಲಿಸಿ 180° ತಿರುಗಿಸಿ ಇಡಿ. ಗುಳ್ಳೆ ಸರಿದರೆ ಆ ಸರಿತದ ಅರ್ಧ ರಸಮಟ್ಟದ ದೋಷ. ಎರಡು ಓದಿಕೆಗಳ ಸರಾಸರಿ ಮೇಜಿನ ನಿಜವಾದ ಓರೆ. ಬೇರೆ ಯಾವ ಪ್ರಮಾಣವೂ ಇಲ್ಲದೆ ಒಂದು ಉಪಕರಣ ತನ್ನ ತಪ್ಪನ್ನು ತಾನೇ ತೋರಿಸಿಕೊಡುವ ಈ ವಿಧಾನವನ್ನು ವಿದ್ಯಾರ್ಥಿಗಳಿಂದ ಮಾಡಿಸಲೇಬೇಕು. ಎರಡನೆಯದು ಉಷ್ಣತೆ. ಆಲ್ಕೊಹಾಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.11ರಷ್ಟು ಹಿಗ್ಗುತ್ತದೆ. 10 ಡಿಗ್ರಿಯಲ್ಲಿ ಕೊಳವೆಯ ಶೇ. 10ರಷ್ಟಿದ್ದ ಗುಳ್ಳೆ, ಗಂಗಾವತಿಯ ಬೇಸಿಗೆಯ 40 ಡಿಗ್ರಿಯಲ್ಲಿ ಶೇ. 7ಕ್ಕೆ ಕುಗ್ಗುತ್ತದೆ. ಆದ್ದರಿಂದ ಗುಳ್ಳೆಯ ಒಂದು ತುದಿಯನ್ನು ಮಾತ್ರ ನೋಡದೆ ಎರಡೂ ತುದಿಗಳು ಗೆರೆಗಳಿಂದ ಸಮದೂರದಲ್ಲಿವೆಯೇ ಎಂದು ನೋಡಬೇಕು.

ಸ್ಕೋಪ್ ಕೂರಿಸಲು ಸಾಮಾನ್ಯವಾಗಿ ಎರಡು ಸಣ್ಣ ರಸಮಟ್ಟಗಳನ್ನು ಬಳಸುತ್ತಾರೆ. ಒಂದನ್ನು ಬಂದೂಕಿನ ಮೇಲಿನ ಚಪ್ಪಟೆ ಪಟ್ಟಿಯ ಮೇಲೆ, ಇನ್ನೊಂದನ್ನು ಸ್ಕೋಪಿನ ಗುಂಡಿಯ ಮುಚ್ಚಳದ ಮೇಲೆ ಇಟ್ಟು ಎರಡೂ ಗುಳ್ಳೆಗಳು ನಡುವೆ ಬರುವಂತೆ ಮಾಡುತ್ತಾರೆ. ಒಂದೊಂದರಲ್ಲೂ ಅರ್ಧ ಡಿಗ್ರಿ ದೋಷವಿದ್ದರೆ ಎರಡೂ ಸೇರಿ ಅತಿ ಹೆಚ್ಚೆಂದರೆ 1°, ಸರಾಸರಿ ಲೆಕ್ಕದಲ್ಲಿ 0.7° ತಪ್ಪಬಹುದು. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಮುಚ್ಚಳದ ಮೇಲ್ಮೈ ಒಳಗಿರುವ ಕ್ರಾಸ್‌ವೈರಿಗೆ ಸಮಾಂತರವಾಗಿದೆ ಎಂಬುದಕ್ಕೆ ಏನು ಖಾತರಿ? ನಾವು ಮಟ್ಟ ಮಾಡಿದ್ದು ಮುಚ್ಚಳವನ್ನು. ಗುರಿ ಹಿಡಿಯುವುದು ಕ್ರಾಸ್‌ವೈರಿನಿಂದ.

ಸಂದು ತುಂಬುವ ಸಾಧನಗಳು

ಅನೇಕ ಸ್ಕೋಪ್‌ಗಳಲ್ಲಿ ಗುಂಡಿಗಳಿರುವ ಭಾಗದ ತಳ ಚಪ್ಪಟೆಯಾಗಿರುತ್ತದೆ. ಅದಕ್ಕೂ ಬಂದೂಕಿನ ಪಟ್ಟಿಗೂ ನಡುವೆ ಇರುವ ಸಂದಿಗೆ ಮೆಕ್ಯಾನಿಕ್‌ಗಳ ಫೀಲರ್ ಗೇಜಿನ ತೆಳು ತಗಡುಗಳನ್ನು ಒಂದರ ಮೇಲೊಂದು ಇಟ್ಟು ಸಂದು ಪೂರ್ತಿ ತುಂಬುವಂತೆ ಮಾಡಿದರೆ ಎರಡು ಮೇಲ್ಮೈಗಳೂ ಸಮಾಂತರವಾಗುತ್ತವೆ. ಒಂದನ್ನೊಂದು ಜಾರುವ ಬೆಣೆಗಳ ಜೋಡಿಯಿಂದಲೂ ಇದೇ ಕೆಲಸ ಮಾಡಬಹುದು. ತಳದ ಅಗಲ 20 ಮಿ.ಮೀ. ಆಗಿದ್ದು ಒಂದು ಅಂಚಿನಲ್ಲಿ 0.1 ಮಿ.ಮೀ. ಸಂದು ಉಳಿದರೆ ಓರೆ 0.3°. ರಸಮಟ್ಟಕ್ಕೆ ಬೇಕಾದಂತೆ ಬಂದೂಕನ್ನು ಮೊದಲು ಮಟ್ಟವಾಗಿ ನಿಲ್ಲಿಸುವ ಅಗತ್ಯವೂ ಇಲ್ಲ. ಆದರೆ ಇದರಲ್ಲಿ ಗುರುತ್ವದ ಪ್ರಸ್ತಾಪವೇ ಇಲ್ಲ. ಇದು ಲೋಹದ ಎರಡು ಮೇಲ್ಮೈಗಳನ್ನು ಪರಸ್ಪರ ಹೋಲಿಸುತ್ತದೆ, ಅಷ್ಟೇ. ತಯಾರಕರು ಕ್ರಾಸ್‌ವೈರನ್ನು ಆ ತಳಕ್ಕೆ ಸರಿಯಾಗಿ ಕೂರಿಸಿದ್ದರೆ ಫಲಿತಾಂಶ ಸರಿ.

ಮೊಬೈಲ್ ಫೋನು

ಇಂದಿನ ಮೊಬೈಲುಗಳಲ್ಲಿ ಮಟ್ಟ ತೋರಿಸುವ ಸೌಲಭ್ಯವಿದೆ. ಒಳಗಿರುವ ಸೂಕ್ಷ್ಮ ವೇಗೋತ್ಕರ್ಷ ಮಾಪಕ ಗುರುತ್ವದ ಘಟಕಗಳನ್ನು ಅಳೆದು ಕೋನ ಲೆಕ್ಕ ಹಾಕುತ್ತದೆ. 1° ಓರೆಗೆ ಅಡ್ಡ ಘಟಕ 9.8 × ಸೈನ್ 1°, ಅಂದರೆ 0.17 ಮೀ/ಸೆ². ಮಾಪಕದ ಶೂನ್ಯವೇ ಅಷ್ಟು ತಪ್ಪಿದ್ದರೆ 1° ತಪ್ಪು ಉತ್ತರ ಬರುತ್ತದೆ. ಪರದೆಯ ಮೇಲೆ ದಶಮಾಂಶದ ಅಂಕಿ ಕಂಡ ಮಾತ್ರಕ್ಕೆ ಅದು ನಿಖರವಾಗುವುದಿಲ್ಲ. ಇದನ್ನೂ 180° ತಿರುಗಿಸಿ ಪರೀಕ್ಷಿಸಬೇಕು.

ರಸಮಟ್ಟಕ್ಕೂ ಮೊಬೈಲಿಗೂ ಸಮಾನವಾದ ಒಂದು ಮಿತಿಯಿದೆ. ಅವು ಗುರುತ್ವವನ್ನು ಬೇರೆ ವೇಗೋತ್ಕರ್ಷಗಳಿಂದ ಬೇರ್ಪಡಿಸಲಾರವು. ಸೆಕೆಂಡಿಗೆ ಸೆಕೆಂಡಿಗೆ 1 ಮೀಟರ್ ದರದಲ್ಲಿ ವೇಗ ತಗ್ಗಿಸುತ್ತಿರುವ ಜೀಪಿನಲ್ಲಿ ಗುಳ್ಳೆ ತೋರಿಸುವ 'ಮಟ್ಟ' ನಿಜದ ಮಟ್ಟಕ್ಕಿಂತ ಸುಮಾರು 6° ಬೇರೆ. ಆದ್ದರಿಂದ ವಾಹನವಾಗಲಿ ಆನೆಯಾಗಲಿ ನಿಂತ ಮೇಲೆಯೇ ಗುಳ್ಳೆಯನ್ನು ನೋಡಬೇಕು.

ತೂಗುಗುಂಡು

ಉಳಿದದ್ದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಅಗ್ಗದ್ದು: ಒಂದು ದಾರ, ಒಂದು ಭಾರ. ಗೋಡೆ ಕಟ್ಟುವವರ ತೂಗುಗುಂಡಿನ ದಾರ ಸುಮ್ಮನೆ ನಿಂತಾಗ ಗುರುತ್ವದ ರೇಖೆಯೇ ಕಣ್ಣಿಗೆ ಕಾಣುವಂತಾಗುತ್ತದೆ. ಅದಕ್ಕೆ ಶೂನ್ಯದೋಷ ಇಲ್ಲ, ತುದಿ ಬದಲಿಸಿ ಪರೀಕ್ಷಿಸುವ ಅಗತ್ಯವಿಲ್ಲ, ಬಿಸಿಲಿಗೆ ಕೆಡುವುದಿಲ್ಲ. ಗಾಳಿಗೆ ತೂಗಾಡುವುದೊಂದೇ ತೊಂದರೆ. ಗುಂಡನ್ನು ಬಕೆಟ್ ನೀರಿನಲ್ಲಿ ಮುಳುಗುವಂತೆ ಬಿಟ್ಟರೆ ತೂಗಾಟ ಬೇಗ ಅಡಗುತ್ತದೆ.

ಹತ್ತು ಹದಿನೈದು ಮೀಟರ್ ದೂರದಲ್ಲಿ, ಬಿಳಿ ಗೋಡೆಯ ಮುಂದೆ ಕಪ್ಪು ದಾರ ಇಳಿಬಿಟ್ಟು ಸ್ಕೋಪಿನಲ್ಲಿ ನೋಡಿ. ಕ್ರಾಸ್‌ವೈರಿನ ನೆಟ್ಟಗಿನ ಗೆರೆ ದಾರದ ಮೇಲೆ ಉದ್ದಕ್ಕೂ ಕೂಡಬೇಕು. 1 ಮೀಟರ್ ಉದ್ದದ ದಾರ ಕಾಣುತ್ತಿದ್ದರೆ 1° ಓರೆಗೆ ಮೇಲಿನ ತುದಿಗೂ ಕೆಳಗಿನ ತುದಿಗೂ 17.5 ಮಿ.ಮೀ. ವ್ಯತ್ಯಾಸ ಬರುತ್ತದೆ. ದಾರ 2 ಮಿ.ಮೀ. ದಪ್ಪವಿದ್ದರೆ ಅದರ ದಪ್ಪದಷ್ಟು ತಪ್ಪಿದರೂ ಓರೆ 0.1°ಯಷ್ಟೇ. ಸಣ್ಣ ರಸಮಟ್ಟಕ್ಕಿಂತ ಇದು ಹೆಚ್ಚು ಸೂಕ್ಷ್ಮ. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಮುಚ್ಚಳ, ತಳ, ಪಟ್ಟಿ ಯಾವುದೂ ನಡುವೆ ಬರುವುದಿಲ್ಲ. ಗುರಿ ಹಿಡಿಯುವ ಗೆರೆಯನ್ನೇ ಗುರುತ್ವದೊಡನೆ ನೇರವಾಗಿ ಹೋಲಿಸುತ್ತೇವೆ.

ಕೋಣೆಯೊಳಗೆ ಮಾಡಬೇಕಾದರೆ ಇನ್ನೊಂದು ಉಪಾಯವಿದೆ. ಕ್ರಾಸ್‌ವೈರಿನ ಚಿತ್ರಣ ವಸ್ತುಮಸೂರದ ನಾಭಿಸಮತಲದಲ್ಲಿ ಇರುತ್ತದೆ. ಕಣ್ಣಿಡುವ ಕಡೆಯಿಂದ ಸಾಧಾರಣ ಟಾರ್ಚಿನ ಬೆಳಕು ಬಿಟ್ಟರೆ ವಸ್ತುಮಸೂರದಿಂದ ಹೊರಬಂದ ಬೆಳಕು ಎದುರಿನ ಗೋಡೆಯ ಮೇಲೆ ಕ್ರಾಸ್‌ವೈರಿನ ನೆರಳನ್ನು ಮೂಡಿಸುತ್ತದೆ. ಕೋಣೆ ಕತ್ತಲಾಗಿರಬೇಕು. ಗೋಡೆಯ ಮೇಲೆ ತೂಗುಗುಂಡಿನ ದಾರವಿದ್ದರೆ ಎರಡನ್ನೂ ಎಲ್ಲರೂ ಒಟ್ಟಿಗೆ ನೋಡಬಹುದು.

ಜೋಡಿಸುವ ಕ್ರಮ

ಹಾಗಾದರೆ ಉಳಿದ ಸಾಧನಗಳು ವ್ಯರ್ಥವೇ? ಅಲ್ಲ. ಪ್ರತಿಯೊಂದಕ್ಕೂ ಅದರದೇ ಜಾಗವಿದೆ. ಬಂದೂಕಿನಲ್ಲಿ ಮದ್ದುಗುಂಡು ಅಥವಾ ಡಾರ್ಟ್ ಇಲ್ಲವೆಂದು ಎರಡು ಸಲ ನೋಡಿಕೊಂಡ ಮೇಲೆಯೇ ಕೆಲಸ ಆರಂಭವಾಗಬೇಕು. ಬಂದೂಕನ್ನು ಗಟ್ಟಿಯಾದ ಆಧಾರದಲ್ಲಿ ಕೂರಿಸಿ, ಪರೀಕ್ಷಿಸಿದ ರಸಮಟ್ಟದಿಂದ ಅದನ್ನು ಮಟ್ಟ ಮಾಡಬೇಕು. ಉಂಗುರದ ತಿರುಪುಗಳು ಸಡಿಲವಾಗಿರುವಾಗ ಸ್ಕೋಪನ್ನು ತಿರುಗಿಸಿ ಕ್ರಾಸ್‌ವೈರನ್ನು ದಾರಕ್ಕೆ ಕೂಡಿಸಬೇಕು. ನಂತರ ತಿರುಪುಗಳನ್ನು ಕರ್ಣಾಕಾರವಾಗಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಪಕ್ಕದ ತಿರುಪನ್ನು ಪೂರ್ತಿ ಬಿಗಿದರೆ ಉಂಗುರ ಸ್ಕೋಪನ್ನು ತನ್ನ ಕಡೆಗೆ ತಿರುಗಿಸಿಬಿಡುತ್ತದೆ, ಮಾಡಿದ್ದೆಲ್ಲ ಹಾಳು. ಆದ್ದರಿಂದ ಪ್ರತಿ ಸುತ್ತಿನ ನಂತರವೂ ದಾರವನ್ನು ನೋಡಬೇಕು.

ಕೊನೆಯ ಹೆಜ್ಜೆ ಅತಿ ಮುಖ್ಯ. ಕಾಡಿಗೆ ದಾರ ಮತ್ತು ಗುಂಡನ್ನು ಹೊತ್ತು ಹೋಗಲಾಗದು. ಆದ್ದರಿಂದ ಸ್ಕೋಪಿನ ಕೊಳವೆಗೆ ಕಚ್ಚಿಕೊಳ್ಳುವ ಸಣ್ಣ ರಸಮಟ್ಟವೊಂದನ್ನು ಕಟ್ಟಿ, ಕ್ರಾಸ್‌ವೈರ್ ದಾರದೊಡನೆ ಕೂಡಿರುವಾಗಲೇ ಗುಳ್ಳೆ ಮಧ್ಯಕ್ಕೆ ಬರುವಂತೆ ಅದನ್ನು ತಿರುಗಿಸಿ ಬಿಗಿಯಬೇಕು. ರಸಮಟ್ಟದಲ್ಲಿ ತನ್ನದೇ ದೋಷವಿದ್ದರೂ ಈಗ ಅದು ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅದರ ಶೂನ್ಯವನ್ನು ನಿಗದಿ ಮಾಡಿದ್ದು ದಾರ. ಇನ್ನು ಮುಂದೆ ಬಂಡೆಗಳ ನಡುವೆ ಆ ಗುಳ್ಳೆ ತೂಗುಗುಂಡಿನ ಪ್ರತಿನಿಧಿ. ಹಾರಿಸುವ ಮೊದಲು ಅದನ್ನೊಮ್ಮೆ ನೋಡಿದರೆ 6.4 ಸೆಂ.ಮೀ. ದೋಷವೂ 2.1 ಸೆಂ.ಮೀ. ದೋಷವೂ ಒಟ್ಟಿಗೆ ಹೋಗುತ್ತವೆ.

ತೂಗುಗುಂಡೇ ಓರೆಯಾದರೆ?

ಚುರುಕಾದ ವಿದ್ಯಾರ್ಥಿ ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಪಕ್ಕದ ಗುಡ್ಡವೂ ಗುಂಡನ್ನು ತನ್ನ ಕಡೆಗೆ ಎಳೆಯುವುದಿಲ್ಲವೇ? ಎಳೆಯುತ್ತದೆ. 1774ರಲ್ಲಿ ನೆವಿಲ್ ಮಾಸ್ಕೆಲಿನ್ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದಲ್ಲಿ ಇದನ್ನು ಅಳೆದ. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ ಉತ್ತರದ ಕಲಿಯಾನಾ ಮತ್ತು ಅದರ ದಕ್ಷಿಣದ ಕಲಿಯಾನ್‌ಪುರಗಳ ನಡುವೆ 5.24 ಸೆಕೆಂಡ್ ಕೋನದ ವ್ಯತ್ಯಾಸ ಕಂಡುಬಂತು. ಹಿಮಾಲಯದ ಸೆಳೆತವನ್ನು ಲೆಕ್ಕ ಹಾಕಿದ ಜೆ. ಎಚ್. ಪ್ರಾಟ್, ತೂಗುಗುಂಡು ಇದಕ್ಕಿಂತಲೂ ಹೆಚ್ಚು ವಾಲಬೇಕಿತ್ತು ಎಂದು 1855ರಲ್ಲಿ ತೋರಿಸಿದ. ಪರ್ವತಗಳ ಅಡಿಯಲ್ಲಿ ಹಗುರವಾದ ಬೇರುಗಳಿವೆ ಎಂಬ ಕಲ್ಪನೆ ಹುಟ್ಟಿದ್ದು ಈ ಒಗಟಿನಿಂದ.

ನಮ್ಮ ಗುಡ್ಡಗಳ ಲೆಕ್ಕ ಹಾಕಿ ನೋಡೋಣ. 100 ಮೀಟರ್ ತ್ರಿಜ್ಯದ ಗ್ರಾನೈಟ್ ಗೋಳವೊಂದರ ಪಕ್ಕದಲ್ಲೇ ದಾರ ತೂಗುತ್ತಿದೆ ಎನ್ನಿ. ಸಾಂದ್ರತೆ ಘನಮೀಟರಿಗೆ 2700 ಕಿ.ಗ್ರಾಂ. ಅದರ ಸೆಳೆತ 0.000075 ಮೀ/ಸೆ². ಇದನ್ನು 9.8ರಿಂದ ಭಾಗಿಸಿದರೆ ದಾರದ ಓರೆ 1.6 ಸೆಕೆಂಡ್ ಕೋನ, ಅಂದರೆ ಒಂದು ಡಿಗ್ರಿಯ ಎರಡು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ದೇಶದ ನಕ್ಷೆ ಮಾಡುವವರಿಗೆ ಇದು ದೊಡ್ಡ ಸಂಗತಿ. ಸ್ಕೋಪಿಗೆ ಏನೂ ಅಲ್ಲ.

ಶಾಲೆಯ ಅಂಗಳದಲ್ಲಿ ಒಂದು ಪ್ರಯೋಗ

ಇದನ್ನೆಲ್ಲ ಕಲಿಸಲು ಬಂದೂಕು ಬೇಕಿಲ್ಲ, ಒಂದು ಬಕೆಟ್ ನೀರು ಸಾಕು. ಒಂದು ಮೀಟರ್ ಉದ್ದದ ನೇರವಾದ ಮರದ ಪಟ್ಟಿ ತೆಗೆದುಕೊಳ್ಳಿ. ಇದು ನೋಟದ ರೇಖೆ. ಅದರ ಮುಂದಿನ ತುದಿಗೆ, ಮೂಲೆಮಟ್ಟದ ನೆರವಿನಿಂದ 30° ಮೇಲ್ಮುಖವಾಗಿ, ರೀಫಿಲ್ ತೆಗೆದ ಪೆನ್ನಿನ ಸಪೂರ ಕೊಳವೆಯನ್ನು ಕಟ್ಟಿ. ಕೊಳವೆಗೆ ರಬ್ಬರ್ ನಳಿಕೆ ಜೋಡಿಸಿ, ಪಟ್ಟಿಗಿಂತ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿಟ್ಟ ಬಕೆಟ್ಟಿನಿಂದ ನೀರು ಬಿಡಿ. ಕೊಳವೆಯ ಬಾಯಿಯಿಂದ 2 ಮೀಟರ್ ದೂರದಲ್ಲಿ, ಅದೇ ಎತ್ತರದಲ್ಲಿ, ರಟ್ಟಿನ ಮೇಲೆ ಒಂದು ಚುಕ್ಕೆ ಗುರುತಿಸಿ. ಪಟ್ಟಿಯನ್ನು ಮಟ್ಟವಾಗಿ ಚುಕ್ಕೆಯ ಕಡೆಗೆ ಹಿಡಿದು, ನೀರಿನ ಧಾರೆ ಚುಕ್ಕೆಗೆ ಬೀಳುವಂತೆ ಬಕೆಟ್ಟನ್ನು ಮೇಲೆ ಕೆಳಗೆ ಮಾಡಿ ಹೊಂದಿಸಿ.

ಈಗ ಇಳಿತ ಎಷ್ಟು? ಕೊಳವೆಯ ನೇರ 2 ಮೀಟರಿನಲ್ಲಿ 2 × ಟ್ಯಾನ್ 30°, ಅಂದರೆ 1.15 ಮೀಟರ್ ಎತ್ತರಕ್ಕೆ ಹೋಗುತ್ತಿತ್ತು. ನೀರು ಚುಕ್ಕೆಗೆ ಬಿದ್ದಿದೆ. ಆದ್ದರಿಂದ ಇಳಿತ 1.15 ಮೀಟರ್. 30 ಮೀಟರ್ ಹಾರುವ ಡಾರ್ಟಿನ ಇಳಿತವೂ ಹೆಚ್ಚುಕಡಿಮೆ ಇಷ್ಟೇ ಎಂಬುದನ್ನು ಗಮನಿಸಿ. ಪಟ್ಟಿಯ ದಿಕ್ಕು ಬದಲಿಸದೆ ಅದನ್ನು ಅದರ ಉದ್ದದ ಸುತ್ತ 5°, 10°, 15° ಹೊರಳಿಸಿ. ಪಟ್ಟಿಯ ಹಿಂದಿನ ತುದಿಗೆ ಕೋನಮಾಪಕ ಅಂಟಿಸಿ ಸಣ್ಣ ತೂಗುಗುಂಡು ನೇತುಹಾಕಿದರೆ ಕೋನ ತಿಳಿಯುತ್ತದೆ. ಧಾರೆ ಚುಕ್ಕೆಯಿಂದ ಪಕ್ಕಕ್ಕೆ ಸುಮಾರು 10, 20, 30 ಸೆಂ.ಮೀ. ಸರಿಯುವುದನ್ನು ಅಳೆಯಿರಿ. ಸೈನ್ ಕೋಷ್ಟಕದೊಡನೆ ಹೋಲಿಸಿ ನಕ್ಷೆ ಎಳೆಸಿ. ಆನಂತರ ಕೊಳವೆಯ ಕೋನವನ್ನು 15°ಗೆ ಇಳಿಸಿ, ಚುಕ್ಕೆಗೆ ಧಾರೆ ಬೀಳುವಂತೆ ಬಕೆಟ್ಟನ್ನು ಇನ್ನೂ ಎತ್ತರಕ್ಕೆ ಏರಿಸಿ ಪ್ರಯೋಗವನ್ನು ಮರುಕಳಿಸಿ. ಧಾರೆ ವೇಗವಾಗಿ ಹೋಗುತ್ತದೆ, ಇಳಿತ 54 ಸೆಂ.ಮೀ.ಗೆ ತಗ್ಗುತ್ತದೆ, ಅಡ್ಡ ದೋಷವೂ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ವೇಗ ಹೆಚ್ಚಿದರೆ ಓರೆಯ ಕೇಡು ಏಕೆ ಕಡಿಮೆ ಎಂಬುದು ಮಕ್ಕಳಿಗೆ ಕಣ್ಣಾರೆ ತಿಳಿಯುತ್ತದೆ.

ಕಾಲೇಜಿನಲ್ಲಿ ಸ್ಪೆಕ್ಟ್ರೋಮೀಟರ್ ಇದ್ದರೆ ಇನ್ನೊಂದು ಕೆಲಸ ಮಾಡಿಸಬಹುದು. ಕಿಟಕಿಯಾಚೆ ದೂರದಲ್ಲಿ ದಾರ ತೂಗುಹಾಕಿ, ಅದರ ದೂರದರ್ಶಕದ ಕ್ರಾಸ್‌ವೈರ್ ದಾರಕ್ಕೆ ಎಷ್ಟು ಓರೆಯಾಗಿದೆ ನೋಡಲು ಹೇಳಿ. ಸೀಳುಗಂಡಿಯ ಪ್ರತಿಬಿಂಬದ ಮೇಲ್ತುದಿಗೂ ಕೆಳತುದಿಗೂ ಬೇರೆ ಬೇರೆ ಓದಿಕೆ ಬರುವುದು ಈ ಓರೆಯಿಂದಲೂ ಇರಬಹುದು. ಉಪಕರಣದ ತಳವನ್ನು ರಸಮಟ್ಟದಿಂದ ಮಟ್ಟ ಮಾಡಿದ ಮಾತ್ರಕ್ಕೆ ಅದರೊಳಗಿನ ಗೆರೆ ನೆಟ್ಟಗಾಯಿತು ಎಂದು ನಂಬಬಾರದು ಎಂಬ ಪಾಠ ಅಲ್ಲಿಯೂ ಇದೆ. ಅಳೆಯುವುದಕ್ಕೆ ಯಾವ ಗೆರೆಯನ್ನು ಬಳಸುತ್ತೇವೆಯೋ ಆ ಗೆರೆಯನ್ನೇ ದಾರದ ಮುಂದೆ ಹಿಡಿದು ನೋಡಬೇಕು.